ಹೊಕ್ಕುಳಬಳ್ಳಿಯ ಕೊನೆಯ ಕೊಡುಗೆ

ಕೂಸಿನ ಮೊದಲ ಅಳು ಕೇಳಿದೊಡನೆ ಎಲ್ಲರ ಕಣ್ಣೂ ಅದರ ಮುಖದತ್ತ ಹರಿಯುತ್ತದೆ. ಒಂಬತ್ತು ತಿಂಗಳು ಅದನ್ನು ಪೊರೆದ ಹೊಕ್ಕುಳಬಳ್ಳಿಯನ್ನು ನೆನೆಯುವವರು ವಿರಳ.

ಸುಮಾರು 50 ಸೆಂಟಿಮೀಟರ್ ಉದ್ದದ, ಹುರಿಗೊಂಡ ಹಗ್ಗದಂತಿರುವ ಈ ಬಳ್ಳಿಯಲ್ಲಿ ಸಾಮಾನ್ಯವಾಗಿ ಮೂರು ರಕ್ತನಾಳಗಳಿರುತ್ತವೆ: ಎರಡು ಅಪಧಮನಿಗಳು, ಒಂದು ಅಭಿಧಮನಿ. ನಮ್ಮ ಅಂಗಾಂಗಗಳಿಗೆ ಪ್ರಾಣವಾಯುವನ್ನು ಒಯ್ಯುವವು ಅಪಧಮನಿಗಳು. ಬಳ್ಳಿಯಲ್ಲಾದರೋ ಪಾತ್ರಗಳು ಅದಲುಬದಲು! ಮಾಸಿನಿಂದ ಪ್ರಾಣವಾಯುವನ್ನೂ ಪೋಷಕಾಂಶಗಳನ್ನೂ ತರುವುದು ಅಭಿಧಮನಿ. ಕಲ್ಮಶವನ್ನು ಹಿಂದಕ್ಕೆ ಸಾಗಿಸುವವು ಅಪಧಮನಿಗಳು. ನಾಳಗಳು ನಲುಗದಂತೆ ಸುತ್ತಲೂ ಲೋಳೆಯಂಥ ಮೆತ್ತೆಯುಂಟು.

ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುವುದೆಂದು ಭಾವಿಸುವವರುಂಟು. ಅದು ನಿಜವಲ್ಲ. ಮಾಸಿನಲ್ಲಿ ಇಬ್ಬರ ರಕ್ತವೂ ತೆಳುಪೊರೆಯ ಆಚೀಚೆ ಹರಿಯುತ್ತದೆ; ಕೊಡುವುದು, ಕೊಳ್ಳುವುದು ಆ ಪೊರೆಯ ಮೂಲಕವೇ.

ಹೆರಿಗೆಯಾದೊಡನೆ ಬಳ್ಳಿಯ ಕೆಲಸ ಮುಗಿಯುವುದಿಲ್ಲ. ಕೆಲವು ನಿಮಿಷ ಅದರ ಮೂಲಕ ಮಾಸಿನಲ್ಲುಳಿದ ರಕ್ತ ಕೂಸಿನತ್ತ ಹರಿಯುತ್ತಲೇ ಇರುತ್ತದೆ. ಅವಸರದಿಂದ ಬಳ್ಳಿ ಕಟ್ಟಿ ಕತ್ತರಿಸುವುದು ಕೂಸಿಗೆ ಕೇಡೆಂದು ಆಂಗ್ಲ ವೈದ್ಯ ಎರಾಸ್ಮಸ್ ಡಾರ್ವಿನ್ 1801ರಲ್ಲಿಯೇ ಎಚ್ಚರಿಸಿದ್ದ. ಆದರೂ 20ನೆಯ ಶತಮಾನದಲ್ಲಿ ಅನೇಕ ಆಸ್ಪತ್ರೆಗಳಲ್ಲಿ ಕೂಡಲೇ ಕತ್ತರಿಸುವುದೇ ರೂಢಿಯಾಯಿತು. ತಕ್ಷಣ ಉಸಿರಾಟದ ನೆರವು ಬೇಕಾಗುವ ಕೂಸುಗಳ ಹೊರತು ಉಳಿದವಕ್ಕೆ ಕನಿಷ್ಠ 1 ನಿಮಿಷ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2014ರ ಸಲಹೆ. ಆ ಅವಧಿಯಲ್ಲಿ ದೊರೆತ ರಕ್ತದ ಕಬ್ಬಿಣಾಂಶವು ಮುಂದೆ ತಿಂಗಳುಗಟ್ಟಲೆ ಮಗುವಿಗೆ ಆಸರೆಯಾಗಿ, ರಕ್ತಹೀನತೆಯನ್ನು ದೂರವಿಡಲು ನೆರವಾಗುತ್ತದೆ.

ಮಗುವಿನ ಮುಖ ಕಾಣುವ ತವಕ ಸಹಜ. ಆದರೆ ಬಳ್ಳಿ ಕತ್ತರಿಸಲು ವೈದ್ಯರು ತುಸು ತಡೆದರೆ ಮನೆಯವರು ಆತಂಕಪಡಬೇಕಿಲ್ಲ. ಆ ಒಂದು ನಿಮಿಷವೂ ಮಗುವಿನ ಪಾಲೇ.