ಕಲ್ಲಿನ ಅಕ್ಷರಕ್ಕೆ ಕಂಪ್ಯೂಟರಿನ ಕಣ್ಣು

ಗಂಗಾವತಿ ತಾಲೂಕಿನ ಹೇಮಗುಡ್ಡಕ್ಕೆ ಕುಮಾರರಾಮನ ನೆನಪಿದೆ, ಕೋಟೆಯಿದೆ, ದುರ್ಗಾದೇವಿಯ ಗುಡಿಯಿದೆ. ಸುತ್ತಲ ಸೀಮೆಯಂತೂ ಇತಿಹಾಸದ ಕಣಜ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಆದರೆ ಬಯಲಲ್ಲಿರುವ ಕಲ್ಲು ಮಳೆಗೂ ಬಿಸಿಲಿಗೂ ಸವೆಯುತ್ತದೆ, ನಿಧಿಗಳ್ಳರ ಹಾರೆಗೆ ಒಡೆಯುತ್ತದೆ.

ಇದಕ್ಕೊಂದು ದಾರಿ ಬೆಂಗಳೂರಿನಲ್ಲಿ ಕಾಣುತ್ತದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನರ್‌ನಲ್ಲಿ ದಾಖಲಿಸುತ್ತಿದೆ. ಕೈಯಲ್ಲಿ ಹಿಡಿಯುವ ಯಂತ್ರ ಕಲ್ಲಿನ ಮೇಲೆ ಬೆಳಕು ಚೆಲ್ಲಿ, ಪ್ರತಿ ಉಬ್ಬುತಗ್ಗನ್ನೂ ಅಳೆದುಕೊಳ್ಳುತ್ತದೆ. ಆಮೇಲೆ ಪರದೆಯ ಮೇಲೆ ಕಲ್ಲನ್ನು ತಿರುಗಿಸಿ, ಬೆಳಕನ್ನು ಓರೆಯಾಗಿ ಬೀಳಿಸಿದರೆ ಬರಿಗಣ್ಣಿಗೆ ಮಸುಕಾಗಿದ್ದ ಅಕ್ಷರದ ಗೀರು ನೆರಳಾಗಿ ಎದ್ದು ಬರುತ್ತದೆ! ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನವೂ ಹೀಗೆ ಡಿಜಿಟಲ್ ರೂಪ ಪಡೆದಿದೆ.

ಯಂತ್ರ ಕೊಂಡರೆ ಕೆಲಸ ಮುಗಿಯದು. ಸ್ಕ್ಯಾನ್ ತುಣುಕುಗಳನ್ನು ಜೋಡಿಸುವುದು, ಕಲ್ಲು ನಿಂತ ಜಾಗದ ಜಿಪಿಎಸ್ ಗುರುತು ಬರೆಯುವುದು, ಕಡತಕ್ಕೆ ಸರಿಯಾದ ಹೆಸರಿಟ್ಟು ಎರಡು ಮೂರು ಕಡೆ ಪ್ರತಿ ಇಡುವುದು, ಎಲ್ಲಕ್ಕೂ ಪಳಗಿದ ಕೈ ಬೇಕು. ಜತೆಗೆ ಹಳಗನ್ನಡ ಲಿಪಿ ಓದಬಲ್ಲ ಕಣ್ಣೂ ಬೇಕು. ಇವೆರಡೂ ಒಬ್ಬರಲ್ಲೇ ಸಿಗುವುದು ಅಪರೂಪ. ಲಿಪಿತಜ್ಞರೂ ತಂತ್ರಜ್ಞರೂ ಅಕ್ಕಪಕ್ಕ ಕೂತು ಕಲಿಯಬೇಕು.

ಕೊಪ್ಪಳ ಸೀಮೆಯಲ್ಲಿ ಸ್ಕ್ಯಾನರ್ ಬರುವವರೆಗೆ ಕಾಯಬೇಕಿಲ್ಲ. ಮೊಬೈಲಿನಲ್ಲಿ ಸುತ್ತಲಿಂದಲೂ ಒಂದರ ಮೇಲೊಂದು ಹೊಂದುವಂತೆ ಚಿತ್ರ ತೆಗೆದರೆ, ಉಚಿತ ತಂತ್ರಾಂಶಗಳೇ ತ್ರೀಡಿ ಮಾದರಿ ಕಟ್ಟಿಕೊಡುತ್ತವೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳು ಈ ತರಬೇತಿಯನ್ನು ಇತಿಹಾಸ ವಿಭಾಗದಿಂದಲೇ ಶುರುಮಾಡಲಿ.