ಆರಿಸುವ ಗುಂಡಿ ಎಲ್ಲಿ ಹೋಯಿತು?



ಕೆಲಸ ಮುಗಿಯಿತು. ಕಂಪ್ಯೂಟರನ್ನು ಆರಿಸಿ ಮನೆಗೆ ಹೊರಡಬೇಕು. ಮೆನು ತೆರೆದು ನೋಡುತ್ತೀರಿ. ಅಲ್ಲಿ ‘ಲಾಗ್ ಔಟ್’ ಒಂದೇ ಇದೆ. ‘ಷಟ್ ಡೌನ್’ ಇಲ್ಲ, ‘ಸಸ್ಪೆಂಡ್’ ಇಲ್ಲ. ಇದ್ದರೂ ಬೂದು ಬಣ್ಣಕ್ಕೆ ತಿರುಗಿವೆ, ಒತ್ತಿದರೆ ಏನೂ ಆಗುವುದಿಲ್ಲ. ಲಿನಕ್ಸ್ ಬಳಸುವವರಿಗೆ ಒಂದಲ್ಲ ಒಂದು ದಿನ ಈ ಅನುಭವ ಆಗುವುದುಂಟು. ಆಗ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿನ ಕಡೆಗೆ ಹೋಗುತ್ತದೆ.

ಆ ಕೈಯನ್ನು ಸ್ವಲ್ಪ ತಡೆಯಿರಿ. ಏಕೆಂದು ನಮ್ಮ ಸಂಕಲನ ಕೊಠಡಿಯಲ್ಲೇ ನಡೆದ ಒಂದು ಪ್ರಸಂಗದಿಂದ ಹೇಳುತ್ತೇನೆ.

ಆ ಕೊಠಡಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದಿದೆ. ಅದಕ್ಕೆ ಲಿನಕ್ಸ್ ಹಾಕಿದವನು ನಾನೇ. ತರಬೇತಿಗೆಂದು ಬಂದಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹಿರಿಯ ಯಕ್ಷಗಾನ ಕಲಾವಿದರೊಬ್ಬರ ಸಂದರ್ಶನವನ್ನು ಧ್ವನಿಮುದ್ರಿಸಿಕೊಂಡು ತಂದು, ಮೆಮೊರಿ ಕಾರ್ಡಿನಿಂದ ಈ ಯಂತ್ರಕ್ಕೆ ನಕಲು ಮಾಡಿದಳು. ನಕಲು ಮುಗಿಯಿತೆಂದು ತೆರೆ ತೋರಿಸಿತು. ಮರುದಿನದ ಮುದ್ರಣಕ್ಕೆ ಬೇಕೆಂದು ಕಾರ್ಡನ್ನು ಖಾಲಿ ಮಾಡಿದಳು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಮೆನುವಿನಲ್ಲಿ ಆರಿಸುವ ಗುಂಡಿ ಮಂಕಾಗಿತ್ತು. ಸ್ವಿಚ್ ಆರಿಸಿ ಓಡಿದಳು. ಬೆಳಿಗ್ಗೆ ನೋಡಿದರೆ ಒಂದು ಕಡತ ಅರ್ಧಕ್ಕೇ ನಿಂತಿತ್ತು, ಇನ್ನೊಂದು ಖಾಲಿ. ಮುಂದಿನ ವಾರ ಆ ಹಿರಿಯರು ಬೇಸರಿಸದೆ ಬಂದು ಮತ್ತೊಮ್ಮೆ ಮಾತನಾಡಿದರು. ಆದರೆ ಮೊದಲ ದಿನ ತಮ್ಮ ಗುರುಗಳನ್ನು ನೆನೆದು ಹೇಳಿದ್ದ ಮಾತುಗಳು ಎರಡನೆಯ ಸಲ ಹಾಗೆಯೇ ಬರಲಿಲ್ಲ. ನಾನು ಆ ಹುಡುಗಿಯನ್ನು ಗದರಿಸಿದ್ದೆ. ತಪ್ಪು ಯಾರದೆಂಬುದು ಆಮೇಲೆ ಗೊತ್ತಾಯಿತು.

ನಕಲು ಮುಗಿಯಿತೆಂದು ತೋರಿಸಿದ ಮೇಲೂ ಕಡತ ಹೋದದ್ದು ಹೇಗೆ? ಕಂಪ್ಯೂಟರಿನ ಮೆಮೊರಿಗೆ ಹೋಲಿಸಿದರೆ ಹಾರ್ಡ್ ಡಿಸ್ಕ್ ಬಹಳ ನಿಧಾನ. ಆದುದರಿಂದ ಲಿನಕ್ಸ್, ಬರೆಯಬೇಕಾದ ಮಾಹಿತಿಯನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎಂದುಬಿಡುತ್ತದೆ. ಡಿಸ್ಕಿಗೆ ಬರೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಅಂಗಡಿಯವರು ಗಿರಾಕಿಗಳ ಗದ್ದಲದಲ್ಲಿ ಚೀಟಿಯ ಮೇಲೆ ಬರೆದುಕೊಂಡು, ಬಿಡುವಾದಾಗ ಲೆಕ್ಕದ ಪುಸ್ತಕಕ್ಕೆ ಏರಿಸುತ್ತಾರಲ್ಲ, ಹಾಗೆ. ಸಾಮಾನ್ಯವಾಗಿ ಈ ಕೆಲಸದ ಭಾಗ 5 ಸೆಕೆಂಡಿಗೊಮ್ಮೆ ಎಚ್ಚೆತ್ತು, 30 ಸೆಕೆಂಡಿಗಿಂತ ಹಳೆಯದಾದ ಚೀಟಿಗಳನ್ನು ಪುಸ್ತಕಕ್ಕೆ ಏರಿಸುತ್ತದೆ. ಅಷ್ಟರೊಳಗೆ ವಿದ್ಯುತ್ ಹೋದರೆ ಚೀಟಿಗಳೂ ಹೋದವು. ಕ್ರಮವಾಗಿ ಆರಿಸುವುದೆಂದರೆ ಉಳಿದ ಚೀಟಿಗಳನ್ನೆಲ್ಲ ಏರಿಸಿ, ಪುಸ್ತಕ ಮುಚ್ಚಿ, ಆಮೇಲೆ ದೀಪ ಆರಿಸುವುದು. 2001ರಲ್ಲಿ ಲಿನಕ್ಸಿನ ಮುಖ್ಯ ಕರ್ನೆಲ್ಲಿಗೆ ಸೇರಿದ ‘ಎಕ್ಸ್ಟ್3’ ಮತ್ತು ಅದರ ನಂತರದ ‘ಎಕ್ಸ್ಟ್4’ ಎಂಬ ಕಡತ ವ್ಯವಸ್ಥೆಗಳು ದಿನಚರಿಯೊಂದನ್ನು ಇಟ್ಟುಕೊಂಡು ಇಂಥ ಆಘಾತವನ್ನು ತಡೆದುಕೊಳ್ಳುತ್ತವೆ, ನಿಜ. ಆದರೆ ಅವು ಮುಖ್ಯವಾಗಿ ಕಾಯುವುದು ಪುಸ್ತಕದ ಕಟ್ಟನ್ನು. ಪುಟದೊಳಗೆ ಇನ್ನೂ ಬರೆಯದ ಮಾತನ್ನು ಅವು ಎಲ್ಲಿಂದ ತರಬೇಕು?

ಹಾಗಾದರೆ ಆರಿಸುವ ಗುಂಡಿಯನ್ನೇ ಬಚ್ಚಿಡುವುದು ಎಂಥ ನ್ಯಾಯ ಎಂದು ನೀವು ಕೇಳಬಹುದು. ಉತ್ತರ ಇತಿಹಾಸದಲ್ಲಿದೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಯುನಿಕ್ಸನ್ನು. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ ಹುಟ್ಟಿದ್ದು. ಆಗ ಒಂದು ಯಂತ್ರವನ್ನು ಅನೇಕರು ಒಟ್ಟಿಗೆ ಬಳಸುತ್ತಿದ್ದರು. ಒಬ್ಬ ಮನೆಗೆ ಹೊರಟನೆಂದು ಯಂತ್ರ ಆರಿದರೆ ಉಳಿದವರ ಕೆಲಸ ಮಣ್ಣುಪಾಲು. ಆದುದರಿಂದ ಯಂತ್ರವನ್ನು ಆರಿಸುವ ಅಧಿಕಾರ ‘ರೂಟ್’ ಎಂಬ ಮೇಲ್ವಿಚಾರಕನಿಗೆ ಮಾತ್ರ. ಆ ನಿಯಮ ಇಂದಿಗೂ ಇದೆ. ನಿಮ್ಮ ಮನೆಯ ಮೇಜಿನ ಮೇಲಿರುವ, ನೀವೊಬ್ಬರೇ ಬಳಸುವ ಯಂತ್ರದಲ್ಲೂ ನೀವು ಸಾಮಾನ್ಯ ಬಳಕೆದಾರರೇ.

ವಿದ್ಯಾರ್ಥಿ ನಿಲಯವೊಂದನ್ನು ಊಹಿಸಿಕೊಳ್ಳಿ. ನಿಮ್ಮ ಕೋಣೆಯ ದೀಪ ನಿಮ್ಮ ಕೈಯಲ್ಲಿ. ಇಡೀ ಕಟ್ಟಡದ ಮೇನ್ ಸ್ವಿಚ್ ವಾರ್ಡನ್ನರ ಕೈಯಲ್ಲಿ. ದಸರಾ ರಜೆಯಲ್ಲಿ ನೀವೊಬ್ಬರೇ ಉಳಿದಿದ್ದು, ಎದುರಿಗೇ ನಿಂತು ‘ಮೇನ್ ಆರಿಸಲೇ ಸಾರ್?’ ಎಂದು ಕೇಳಿದರೆ ವಾರ್ಡನ್ ಒಪ್ಪುತ್ತಾರೆ. ಇನ್ನೊಬ್ಬ ಹುಡುಗ ಮೇಲಿನ ಕೋಣೆಯಲ್ಲಿ ಓದುತ್ತಿದ್ದರೆ ಯೋಚಿಸುತ್ತಾರೆ. ಯಾರೋ ಹೊರಗಿನಿಂದ ಫೋನು ಮಾಡಿ ಕೇಳಿದರೆ ಸುಮ್ಮನೆ ಒಪ್ಪುವುದಿಲ್ಲ.

ಇಂದಿನ ಹೆಚ್ಚಿನ ಲಿನಕ್ಸ್‌ಗಳಲ್ಲಿ ಇದೇ ನಡೆಯುವುದು. ಮೆನುವಿನ ಗುಂಡಿ ತಾನೇ ಯಂತ್ರವನ್ನು ಆರಿಸುವುದಿಲ್ಲ. ಅದು ಅರ್ಜಿ ಹಾಕುತ್ತದೆ, ಅಷ್ಟೆ. ಅರ್ಜಿ ಹೋಗುವುದು ‘ಲಾಗಿನ್‌ಡಿ’ ಎಂಬ ಕಾರ್ಯಕ್ರಮಕ್ಕೆ. ಯಾರು ಒಳಗಿದ್ದಾರೆ, ಯಾರು ನಿಜವಾಗಿ ಯಂತ್ರದ ಎದುರು ಕುಳಿತಿದ್ದಾರೆ ಎಂಬ ಹಾಜರಿ ಪುಸ್ತಕ ಇರುವುದು ಅದರ ಬಳಿ. ನಿಯಮದ ಪುಸ್ತಕ ‘ಪೋಲ್‌ಕಿಟ್’ ಎಂಬ ಇನ್ನೊಂದರ ಬಳಿ. ಮೆನು ತೆರೆದಾಗ ‘ಇವರು ಆರಿಸಬಹುದೇ? ಮಲಗಿಸಬಹುದೇ?’ ಎಂದು ಕೇಳಿದರೆ ನಾಲ್ಕರಲ್ಲಿ ಒಂದು ಉತ್ತರ ಬರುತ್ತದೆ. ‘ಯೆಸ್’ ಎಂದರೆ ಆಗಬಹುದು. ‘ಚಾಲೆಂಜ್’ ಎಂದರೆ ಮೇಲ್ವಿಚಾರಕರ ಗುಪ್ತಪದ ಕೊಟ್ಟರೆ ಆಗಬಹುದು. ‘ನೋ’ ಎಂದರೆ ಅನುಮತಿ ಇಲ್ಲ. ‘ಎನ್‌ಎ’ ಎಂದರೆ ಈ ಯಂತ್ರಕ್ಕೆ ಆ ವಿದ್ಯೆಯೇ ಬಾರದು. ಕೊನೆಯ ಎರಡು ಉತ್ತರ ಬಂದರೆ ಮೆನು ಆ ಗುಂಡಿಯನ್ನು ತೋರಿಸುವುದಿಲ್ಲ. ಕೆಲವು ಮೆನುಗಳು ‘ಚಾಲೆಂಜ್’ ಬಂದರೂ ಮುಖ ತಿರುಗಿಸುತ್ತವೆ. ಗುಂಡಿ ಕಾಣೆಯಾದಾಗ ಮೆನುವನ್ನು ಬೈದು ಪ್ರಯೋಜನವಿಲ್ಲ. ತನಗೆ ಬಂದ ಉತ್ತರವನ್ನು ಅದು ತೋರಿಸುತ್ತಿದೆ. ನಾವು ಪತ್ತೆ ಮಾಡಬೇಕಾದದ್ದು ಒಂದೇ: ಅನುಮತಿ ಇಲ್ಲವೋ, ಸಾಮರ್ಥ್ಯ ಇಲ್ಲವೋ?

ಅದಕ್ಕೆ ಸುಲಭದ ಪರೀಕ್ಷೆ ಇದೆ. ಎಲ್ಲ ಕೆಲಸವನ್ನೂ ಉಳಿಸಿ, ಟರ್ಮಿನಲ್ ತೆರೆದು ‘ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್’ ಎಂದು ಟೈಪ್ ಮಾಡಿ. ‘ಸಿಸ್ಟಮ್’ ಪದಕ್ಕೆ ಸಿ, ಟಿ, ಎಲ್ ಎಂಬ ಮೂರು ಅಕ್ಷರಗಳನ್ನು ಅಂಟಿಸಿ, ಎಲ್ಲವನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಆರಿಸುವುದನ್ನೇ ಪರೀಕ್ಷಿಸಬೇಕಾದರೆ ‘ಸಸ್ಪೆಂಡ್’ ಜಾಗದಲ್ಲಿ ‘ಪವರ್‌ಆಫ್’. ಯಂತ್ರ ಹೇಳಿದಂತೆ ಕೇಳಿತೇ? ಹಾಗಾದರೆ ದೋಷ ಮೆನುವಿನ ಹೊಂದಾಣಿಕೆಯಲ್ಲಿದೆ. ಗುಪ್ತಪದ ಕೇಳಿದರೆ ಅಥವಾ ದೃಢೀಕರಣ ಬೇಕೆಂದರೆ ಪ್ರಶ್ನೆ ಅನುಮತಿಯದು. ಬೆಂಬಲವಿಲ್ಲ ಎಂಬರ್ಥದ ಸಂದೇಶ ಬಂದರೆ ಸಾಮರ್ಥ್ಯದ್ದು.

ಮೆನುವಿನ ವಿಷಯ ಬೇಗ ಮುಗಿಸೋಣ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಮೊದಲಾದ ತೆರೆವಿನ್ಯಾಸಗಳಲ್ಲಿ ಇಂಥ ಆಯ್ಕೆಗಳನ್ನು ಬೇಕೆಂದೇ ಅಡಗಿಸುವ ಸೌಲಭ್ಯವಿದೆ. ಶಾಲೆಯ ಪ್ರಯೋಗಾಲಯದಲ್ಲಿ ನಿಮ್ಮ ಅಧ್ಯಾಪಕರು ಹಾಗೆ ಮಾಡಿದ್ದರೆ ಅದಕ್ಕೆ ಕಾರಣ ಇರುತ್ತದೆ, ಅವರನ್ನೇ ಕೇಳಿ. 2011ರಲ್ಲಿ ಗ್ನೋಮ್‌ನ 3ನೆಯ ಆವೃತ್ತಿ ಬಂದಾಗ ಜಗತ್ತಿನಾದ್ಯಂತ ಬಳಕೆದಾರರು ‘ಪವರ್ ಆಫ್’ ಎಲ್ಲಿ ಎಂದು ಹುಡುಕಾಡಿದರು. ಮೆನುವಿನಲ್ಲಿ ‘ಸಸ್ಪೆಂಡ್’ ಮಾತ್ರ ಕಾಣುತ್ತಿತ್ತು. ಕೀಲಿಮಣೆಯ ‘ಆಲ್ಟ್’ ಕೀಲಿಯನ್ನು ಒತ್ತಿ ಹಿಡಿದರೆ ಅದೇ ಜಾಗದಲ್ಲಿ ‘ಪವರ್ ಆಫ್’ ಮೂಡುತ್ತಿತ್ತು! ಜನ ಯಂತ್ರವನ್ನು ಮಲಗಿಸಿದರೆ ಸಾಕು, ಆರಿಸಬೇಕಿಲ್ಲ ಎಂಬುದು ವಿನ್ಯಾಸಕಾರರ ಎಣಿಕೆ. ನಂತರದ ಆವೃತ್ತಿಗಳಲ್ಲಿ ಗುಂಡಿ ಮರಳಿ ಬಂತು. ನನ್ನ ಮಟ್ಟಿಗೆ, ಕಾಣದ ಕೀಲಿಯ ಹಿಂದೆ ಅಡಗಿದ ಗುಂಡಿ ಇಲ್ಲದ ಗುಂಡಿಗೆ ಸಮ.

ಅನುಮತಿಯ ವಿಷಯ ಹೆಚ್ಚು ಸ್ವಾರಸ್ಯದ್ದು. ಟರ್ಮಿನಲ್ಲಿನಲ್ಲಿ ‘ಲಾಗಿನ್‌ಸಿಟಿಎಲ್’ ಎಂದು ಬರೆದರೆ ಲಾಗಿನ್‌ಡಿಯ ಹಾಜರಿ ಪುಸ್ತಕವೇ ತೆರೆಯುತ್ತದೆ. ಅದರಲ್ಲಿ ‘ಸೀಟ್’ ಎಂಬ ಒಂದು ಕಲಮು ಇರುತ್ತದೆ. ನಿಮ್ಮ ಹೆಸರಿನ ಎದುರು ‘ಸೀಟ್0’ ಎಂದಿದ್ದರೆ ನೀವು ಯಂತ್ರದ ಎದುರಿಗೇ ಇದ್ದೀರಿ ಎಂದು ಅದು ನಂಬಿದೆ. ಜಾಗ ಖಾಲಿ ಇದ್ದರೆ ನೀವು ಹೊರಗಿನವರು. ಇನ್ನೊಂದು ಯಂತ್ರದಿಂದ ಜಾಲದ ಮೂಲಕ ಈ ಯಂತ್ರದ ತೆರೆಯನ್ನು ನೋಡುತ್ತಿರುವವರಿಗೆ ಹೀಗೇ ಆಗುತ್ತದೆ, ಆಗಬೇಕಾದದ್ದೂ ಹೀಗೇ. ‘ಲಾಗಿನ್‌ಸಿಟಿಎಲ್ ಸೆಷನ್-ಸ್ಟೇಟಸ್’ ಎಂದರೆ ನಿಮ್ಮ ಸ್ಥಿತಿ ‘ಆಕ್ಟಿವ್’ ಹೌದೋ ಅಲ್ಲವೋ ಎಂಬುದೂ ತಿಳಿಯುತ್ತದೆ. ಪಟ್ಟಿಯಲ್ಲಿ ನಿಮ್ಮ ಜೊತೆಗೆ ಮತ್ತೊಬ್ಬರ ಹೆಸರಿದ್ದರೆ, ಅವರು ‘ಲಾಗ್ ಔಟ್’ ಮಾಡದೆ ಎದ್ದು ಹೋಗಿರಬಹುದು. ಆಗ ಮೇಲ್ವಿಚಾರಕರ ಗುಪ್ತಪದ ಬೇಕಾಗಬಹುದು. ಸಿಸ್ಟಮ್‌ಡಿ ಇಲ್ಲದ ಲಿನಕ್ಸ್‌ಗಳೂ ಇವೆ. 2022ರ ಸ್ಲಾಕ್‌ವೇರ್ 15 ಅಂಥದು. ಅವುಗಳಲ್ಲಿ ಹಾಜರಿ ಪುಸ್ತಕವನ್ನು ‘ಇ-ಲಾಗಿನ್‌ಡಿ’ ನೋಡಿಕೊಳ್ಳುತ್ತದೆ. ಅದು ಓಡುತ್ತಿಲ್ಲವಾದರೆ ಗುಂಡಿಗಳೂ ಇಲ್ಲ.

ನಮ್ಮ ಸಂಕಲನ ಕೊಠಡಿಯ ಯಂತ್ರದ ರೋಗ ಇಲ್ಲೇ ಸಿಕ್ಕಿತು. ಮೆಮೊರಿ ಉಳಿಸುವ ಹುಮ್ಮಸ್ಸಿನಲ್ಲಿ ನಾನು ಹೆಸರು ಮತ್ತು ಗುಪ್ತಪದ ಕೇಳುವ ಚಿತ್ರರೂಪದ ಲಾಗಿನ್ ತೆರೆಯನ್ನು ಕಿತ್ತುಹಾಕಿ, ಅಕ್ಷರಗಳ ತೆರೆಯಲ್ಲಿ ಒಳಹೊಕ್ಕು, ಚಿತ್ರದ ತೆರೆಯನ್ನು ಆಜ್ಞೆಯಿಂದ ಬೇರೊಂದು ಕಡೆ ಆರಂಭವಾಗುವಂತೆ ಮಾಡಿದ್ದೆ. ಲಾಗಿನ್‌ಡಿಯ ಲೆಕ್ಕದಲ್ಲಿ ಆ ಹುಡುಗಿ ಮೊದಲನೆಯ ಕೋಣೆಯಲ್ಲಿದ್ದಳು. ಅವಳು ಕೆಲಸ ಮಾಡುತ್ತಿದ್ದದ್ದು ಏಳನೆಯದರಲ್ಲಿ. ಎದುರಿಗೇ ಕುಳಿತವಳನ್ನು ಯಂತ್ರ ಗೈರುಹಾಜರಿ ಎಂದು ಬರೆದುಕೊಂಡಿತ್ತು. ಲಾಗಿನ್ ತೆರೆಯನ್ನು ಮತ್ತೆ ಸ್ಥಾಪಿಸಿದೆ. ‘ಷಟ್ ಡೌನ್’ ತಾನಾಗಿ ಬಂತು. ಅವಳ ಬಳಿ ಕ್ಷಮೆ ಕೇಳಿದೆ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಗುಪ್ತಪದವಿಲ್ಲದೆ ಎಲ್ಲ ಅಧಿಕಾರ ಕೊಟ್ಟುಬಿಡಿ, ಅಥವಾ ‘ರೂಟ್’ ಆಗಿಯೇ ಕೆಲಸ ಮಾಡಿ ಎಂದು ಉಪಾಯ ಹೇಳುವವರಿದ್ದಾರೆ. ಕೇಳಬೇಡಿ. ಬಾಗಿಲಿನ ಬೀಗ ಗಟ್ಟಿಯಾಗಿದೆಯೆಂದು ಬಾಗಿಲನ್ನೇ ಕಿತ್ತ ಹಾಗಾಗುತ್ತದೆ.

‘ಷಟ್ ಡೌನ್’ ಬಂದರೂ ‘ಸಸ್ಪೆಂಡ್’ ಬರಲಿಲ್ಲ. ಮಲಗಿಸುವುದು ಆರಿಸುವುದಕ್ಕಿಂತ ಕಷ್ಟದ ವಿದ್ಯೆ. ಮೆಮೊರಿಗೆ ಮಾತ್ರ ವಿದ್ಯುತ್ ಉಳಿಸಿ ಮಿಕ್ಕ ಬಹುಪಾಲು ಭಾಗಗಳನ್ನು ಆರಿಸಬೇಕು. ಎದ್ದಾಗ ಪ್ರತಿಯೊಂದೂ ತನ್ನ ಹಳೆಯ ಸ್ಥಿತಿಗೆ ಮರಳಬೇಕು. ಇದಕ್ಕೆ ಯಂತ್ರ ಮತ್ತು ತಂತ್ರಾಂಶಗಳ ನಡುವೆ ಒಪ್ಪಂದ ಬೇಕು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಕಂಪನಿಗಳು ಸೇರಿ ಪ್ರಕಟಿಸಿದ ‘ಎಸಿಪಿಐ’ ಅಂಥ ಒಪ್ಪಂದ. ಕರ್ನೆಲ್ಲಿಗೆ ಯಾವ ನಿದ್ರೆಗಳು ಗೊತ್ತೆಂದು ನೋಡಲು ‘ಸಿಸ್’ ಎಂಬ ಕೋಶದೊಳಗಿನ ‘ಪವರ್’ ಕೋಶದಲ್ಲಿರುವ ‘ಸ್ಟೇಟ್’ ಎಂಬ ಪುಟ್ಟ ಕಡತವನ್ನು ಓದಬೇಕು. ‘ಮೆಮ್’ ಎಂದಿದ್ದರೆ ಮಲಗಿಸಬಹುದು. ‘ಡಿಸ್ಕ್’ ಎಂದಿದ್ದರೆ ‘ಹೈಬರ್ನೇಟ್’ ಎಂಬ ದೀರ್ಘನಿದ್ರೆಯೂ ಗೊತ್ತು. ಅದರಲ್ಲಿ ಮೆಮೊರಿಯನ್ನೇ ಡಿಸ್ಕಿಗೆ ಬರೆದು ಪೂರ್ತಿ ಆರಿಸುವುದರಿಂದ ಡಿಸ್ಕಿನಲ್ಲಿ ‘ಸ್ವಾಪ್’ ಎಂಬ ಜಾಗ ಸಾಕಷ್ಟಿರಬೇಕು. ಯಂತ್ರದಲ್ಲಿ ‘ಸೆಕ್ಯೂರ್ ಬೂಟ್’ ಚಾಲೂ ಇದ್ದರೆ ಅನೇಕ ಲಿನಕ್ಸ್‌ಗಳು ಅದನ್ನು ಬಿಡುವುದಿಲ್ಲ. ಉಬುಂಟು 2012ರ 12.04 ಆವೃತ್ತಿಯಿಂದಲೇ ಈ ಆಯ್ಕೆಯನ್ನು ಮೆನುವಿನಿಂದ ತೆಗೆಯಿತು. ಅದು ಕಾಣದಿದ್ದರೆ ನಿಮ್ಮ ಯಂತ್ರ ಕೆಟ್ಟಿದೆಯೆಂದಲ್ಲ.

ನಮ್ಮ ಯಂತ್ರದ ಕಡತದಲ್ಲಿ ‘ಮೆಮ್’ ಇತ್ತು. ಎರಡು ಸಂಜೆ ಚಿತ್ರಕಾರ್ಡು, ಡ್ರೈವರ್ ಎಂದು ತಲೆ ಕೆಡಿಸಿಕೊಂಡೆ. ಮೂರನೆಯ ದಿನ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಸಸ್ಪೆಂಡ್.ಟಾರ್ಗೆಟ್’ ಎಂದು ಕೇಳಿದಾಗ ‘ಮಾಸ್ಕ್‌ಡ್’ ಎಂಬ ಉತ್ತರ ಬಂತು. ಯಾರೋ ನಿದ್ರೆಯ ಬಾಗಿಲಿಗೆ ಬೀಗ ಹಾಕಿದ್ದರು. ಆ ಯಾರೋ ಕೂಡ ನಾನೇ! ಹಿಂದೊಮ್ಮೆ ರಾತ್ರಿಯಿಡೀ ದೊಡ್ಡ ಕಡತಗಳ ವರ್ಗಾವಣೆ ನಡೆಯಬೇಕಿದ್ದಾಗ ಯಂತ್ರ ನಡುವೆ ಮಲಗದಿರಲೆಂದು ‘ಮಾಸ್ಕ್’ ಆಜ್ಞೆ ಕೊಟ್ಟು ಮರೆತಿದ್ದೆ. ಅದೇ ಹೆಸರುಗಳಿಗೆ ‘ಅನ್‌ಮಾಸ್ಕ್’ ಎಂದಾಗ ಗುಂಡಿ ಮರಳಿತು. ಒಂದು ರಾತ್ರಿಯ ಮಟ್ಟಿಗಾದರೆ ‘ಸಿಸ್ಟಮ್‌ಡಿ-ಇನ್‌ಹಿಬಿಟ್’ ಎಂಬ ಆಜ್ಞೆಯೇ ಸಾಕು. ಅದರ ಜೊತೆಗೆ ಕೊಟ್ಟ ಕೆಲಸ ಮುಗಿದೊಡನೆ ತಡೆಯೂ ತೆರವಾಗುತ್ತದೆ.

ಇಷ್ಟೆಲ್ಲ ಹುಡುಕಲು ಸಮಯವಿಲ್ಲದೆ, ಕೊನೆಯ ಬಸ್ಸು ಹೊರಡುವುದರಲ್ಲಿದೆ ಎನ್ನಿ. ಮೊದಲು ‘ಲಾಗ್ ಔಟ್’ ಮಾಡಿ. ಲಾಗಿನ್ ತೆರೆಯ ಒಂದು ಮೂಲೆಯಲ್ಲಿ ಸಾಮಾನ್ಯವಾಗಿ ಆರಿಸುವ ಗುಂಡಿ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಯಂತ್ರದ ಮೇಲಿನ ಪವರ್ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಿ ಬಿಡಿ. ಅದನ್ನು ಒತ್ತುವವರು ಯಂತ್ರದ ಎದುರಿಗೇ ಇರುತ್ತಾರೆ ಎಂದು ಲಾಗಿನ್‌ಡಿ ಒಪ್ಪಿಕೊಂಡಿದೆ. ಬೇರೆ ಹೊಂದಾಣಿಕೆ ಮಾಡಿರದಿದ್ದರೆ ಯಂತ್ರವನ್ನು ಕ್ರಮವಾಗಿ ಆರಿಸುತ್ತದೆ. ಕೆಲವು ತೆರೆವಿನ್ಯಾಸಗಳಲ್ಲಿ ಆರುವ ಬದಲು ಮಲಗಬಹುದು, ಇಲ್ಲವೇ ಏನು ಮಾಡಲಿ ಎಂದು ಕೇಳಬಹುದು. ಹಾಗೆಂದು ಒತ್ತಿ ಹಿಡಿಯಬೇಡಿ. ನಾಲ್ಕಾರು ಸೆಕೆಂಡು ಹಿಡಿದರೆ ಅದು ಸ್ವಿಚ್ ಆರಿಸಿದಂತೆಯೇ, ಚೀಟಿಗಳಲ್ಲಿ ಇದ್ದದ್ದು ಪುಸ್ತಕಕ್ಕೆ ಏರುವುದಿಲ್ಲ.