ಕೂತರೆ ನೋವು, ಹೇಳಲು ನಾಚಿಕೆ

ಬಚ್ಚಲಲ್ಲಿ ಜಾರಿ ಬಿದ್ದದ್ದು ಮರೆತೇ ಹೋಗಿರುತ್ತೆ. ಆದರೆ ಬೆನ್ನಿನ ತುದಿಯ ಬಾಲಮೂಳೆ ಮರೆತಿರೋದಿಲ್ಲ. ಕೂತರೆ ನೋವು, ಏಳುವಾಗಂತೂ ಜೀವ ಹೋದಂತೆ. ಹೆರಿಗೆಯ ನಂತರವೂ ಹೀಗಾಗುವುದುಂಟು. ಗಂಡಸರಿಗಿಂತ ನಮಗೇ ಇದು ಹೆಚ್ಚು. ಜಾಗ ಅಂಥದ್ದು ನೋಡಿ, ಹೇಳಿಕೊಳ್ಳೋಕೆ ಸಂಕೋಚ!

ಹಿಂಭಾಗ ಕತ್ತರಿಸಿದ ದಿಂಬು, ಫಿಸಿಯೋಥೆರಪಿ, ಮಾತ್ರೆಗಳಿಂದಲೇ ಬಹಳಷ್ಟು ಮಂದಿಗೆ ವಾಸಿಯಾಗುತ್ತೆ. ತಿಂಗಳುಗಳಾದರೂ ಜಗ್ಗದಿದ್ದರೆ ನರಕ್ಕೆ ಕೊಡುವ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಬಾಲಮೂಳೆಯ ಮುಂಭಾಗದಲ್ಲಿ ‘ಗ್ಯಾಂಗ್ಲಿಯಾನ್ ಇಂಪಾರ್’ ಎಂಬ ನರಗಂಟಿದೆ. ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಅಲ್ಲಿಗೆ ಮರಗಟ್ಟಿಸುವ ಔಷಧಿ, ಕೆಲವೊಮ್ಮೆ ಸ್ಟಿರಾಯ್ಡ್ ಕೂಡ ಸೇರಿಸಿ ಕೊಡುತ್ತಾರೆ. ಕೆಲವರಿಗೆ ತಿಂಗಳುಗಟ್ಟಲೆ ಆರಾಮ, ಕೆಲವರಿಗೆ ವಾರಗಳಷ್ಟೇ. ಏನೂ ಆಗದವರೂ ಇದ್ದಾರೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿಯೆಂಬ ಅನುಮಾನ ಇದ್ದರೆ ಮೊದಲೇ ತಿಳಿಸಿ. ಸಾಮಾನ್ಯವಾಗಿ ಅಂದೇ ಮನೆಗೆ ಕಳಿಸುತ್ತಾರೆ. ಜೊತೆಗೊಬ್ಬರು ಇರಲಿ, ಸ್ಕೂಟರ್ ಮಾತ್ರ ನೀವು ಓಡಿಸಬೇಡಿ.